ಒ ಪಾಸಿಟಿವ್ ರೋಗಿಗೆ ಒ ಪಾಸಿಟಿವ್ ರಕ್ತವೇ ಹೊಂದದಿದ್ದಾಗ

2025ರ ಜುಲೈ ಕೊನೆಯಲ್ಲಿ ಕೋಲಾರದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಹೃದಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ್ದ ಅಲ್ಲಿನ ಮಹಿಳೆಯೊಬ್ಬರಲ್ಲಿ ಜಗತ್ತಿನಲ್ಲಿ ಬೇರೆಲ್ಲೂ ಕಾಣದ ರಕ್ತದ ಗುಂಪು ಪತ್ತೆಯಾಗಿದೆ ಎಂಬುದು ಸುದ್ದಿ. ಅವೇ ವರದಿಗಳು ಆಕೆಯ ರಕ್ತ ಒ ಪಾಸಿಟಿವ್ ಎಂದೂ ಹೇಳಿದವು. ಒ ಪಾಸಿಟಿವ್ ಎಂದರೆ ನಮ್ಮಲ್ಲಿ ಬೀದಿಗೆ ಹತ್ತು ಮಂದಿ ಸಿಗುವ ಗುಂಪು. ಅದು ಅಪರೂಪವಾದದ್ದು ಹೇಗೆ? ಒ ಪಾಸಿಟಿವ್ ರೋಗಿಗೆ ಒ ಪಾಸಿಟಿವ್ ರಕ್ತದ ಯಾವ ಚೀಲವೂ ಹೊಂದಲಿಲ್ಲ ಎಂದರೆ ಗುಂಪು ನೋಡುವುದರಲ್ಲೇ ತಪ್ಪಾಗಿತ್ತೇ?

ತಪ್ಪಾಗಿರಲಿಲ್ಲ. ಗೊಂದಲದ ಮೂಲ ಬೇರೆ ಕಡೆ ಇದೆ. ನಮ್ಮ ದಾನಿ ಕಾರ್ಡಿನಲ್ಲಿ ಅಚ್ಚಾಗುವುದು ರಕ್ತಕಣದ ಮೇಲಿನ ಕೆಲವೇ ಗುರುತುಗಳ ವಿವರ. ರಕ್ತ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ರೋಗಿಯ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಇರುವ ಪ್ರತಿಕಾಯಗಳು, ಪರಕೀಯ ಗುರುತುಗಳಿಗೆ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನುಗಳು. ಅವುಗಳ ಬಗ್ಗೆ ಆ ಕಾರ್ಡು ಚಕಾರ ಎತ್ತುವುದಿಲ್ಲ. ಕೋಲಾರದ ಪ್ರಕರಣದಲ್ಲಿ ಅಪಾಯವನ್ನು ರಕ್ತ ಏರಿಸುವ ಮುನ್ನವೇ ಹಿಡಿದದ್ದು ಪ್ರತಿಕಾಯ ಪರೀಕ್ಷೆ. ಆ ಪರೀಕ್ಷೆ ಹೇಗೆ ನಡೆಯುತ್ತದೆ, ಅದು ಕೊಡುವ ಅಂಕಿಯನ್ನು ಎಷ್ಟು ನಂಬಬಹುದು, ಅದನ್ನು ಎಲ್ಲರಿಗೂ ಮಾಡಬೇಕೇ ಎಂಬ ಪ್ರಶ್ನೆಗಳು ಹೊಸ ಗುಂಪಿನ ಸಂಭ್ರಮದಲ್ಲಿ ಮೂಲೆಗೆ ಸರಿದವು.

ಗುಂಪು ಬೇರೆ, ಅದರೊಳಗಿನ ಗುರುತು ಬೇರೆ

ಕೆಂಪು ರಕ್ತಕಣದ ಹೊರಮೈಯಲ್ಲಿ ಸಕ್ಕರೆ ಮತ್ತು ಪ್ರೋಟೀನಿನಿಂದಾದ ನೂರಾರು ಗುರುತುಗಳಿವೆ. ಇವನ್ನು ಪ್ರತಿಜನಕಗಳು ಎನ್ನುತ್ತಾರೆ. ಎ, ಬಿ ಮತ್ತು ಪಾಸಿಟಿವ್, ನೆಗೆಟಿವ್ ಎಂದು ವಿಂಗಡಿಸುವ ಆರ್‌ಎಚ್ ಡಿ ಇವುಗಳಲ್ಲಿ ಮೂರು ಮಾತ್ರ. ಈವರೆಗೆ ಪಟ್ಟಿಯಾಗಿರುವವು 350ಕ್ಕೂ ಹೆಚ್ಚು. ಒಂದೇ ಜೀನಿನಿಂದ, ಅಥವಾ ಅಕ್ಕಪಕ್ಕದಲ್ಲೇ ಇರುವ ಜೀನುಗಳಿಂದ ಹುಟ್ಟುವ ಗುರುತುಗಳನ್ನೆಲ್ಲ ಸೇರಿಸಿ ಒಂದು ರಕ್ತಗುಂಪು ವ್ಯವಸ್ಥೆ ಎಂದು ಅಂತರರಾಷ್ಟ್ರೀಯ ರಕ್ತಪೂರಣ ಸಂಘ ಎಣಿಸುತ್ತದೆ.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಆ ಸಂಘದ ಸಮಾವೇಶದಿಂದ ಎರಡು ಸುದ್ದಿಗಳು ಹೊರಬಿದ್ದವು. ಒಂದು, ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪ ಮೂಲದ ಮಹಿಳೆಯಲ್ಲಿ ಕಂಡ ‘ಗ್ವಾಡ ನೆಗೆಟಿವ್’. ಅದು ನಿಜಕ್ಕೂ ಹೊಸ ವ್ಯವಸ್ಥೆ, ಪಟ್ಟಿಯಲ್ಲಿ 48ನೆಯದು. ಇನ್ನೊಂದು, ಕೋಲಾರದ ‘ಕ್ರಿಬ್’. ಇದು ಮೊದಲೇ ಗೊತ್ತಿದ್ದ ಕ್ರೋಮರ್ ಎಂಬ ವ್ಯವಸ್ಥೆಯೊಳಗೆ ಹೊಸದಾಗಿ ಸೇರಿದ ಒಂದು ಪ್ರತಿಜನಕ. ಕ್ರೋಮರ್‌ನ ಮೊದಲ ಅಕ್ಷರಗಳು, ಇಂಡಿಯಾ ಮತ್ತು ಬೆಂಗಳೂರು ಸೇರಿ ಆ ಹೆಸರಾಯಿತು. ಎರಡೂ ಸುದ್ದಿಗಳು ಆಗ್ಗಿಂದಾಗ್ಗೆ ಒಂದರೊಳಗೊಂದು ಬೆರೆತುಹೋದವು. ‘ಹೊಸ ರಕ್ತದ ಗುಂಪು’ ಎಂಬ ತಲೆಬರಹ ಕೊಡಲು ಸುಲಭವಾಗಿದ್ದರಿಂದ ಕ್ರಿಬ್‌ಗೂ ಅದೇ ಪಟ್ಟ ಸಿಕ್ಕಿತು.

ಕ್ರೋಮರ್ ಪ್ರತಿಜನಕಗಳು ಕೂತಿರುವುದು ಸಿಡಿ55 ಎಂಬ ಪ್ರೋಟೀನಿನ ಮೇಲೆ. ನಮ್ಮದೇ ರಕ್ಷಣಾ ವ್ಯವಸ್ಥೆಯ ‘ಕಾಂಪ್ಲಿಮೆಂಟ್’ ಪ್ರೋಟೀನುಗಳು ನಮ್ಮ ಜೀವಕೋಶಗಳನ್ನೇ ತೂತು ಮಾಡದಂತೆ ತಡೆಯುವುದು ಇದರ ಕೆಲಸ. ಕ್ರಿಬ್ ಗುರುತು ಹೆಚ್ಚುಕಡಿಮೆ ಎಲ್ಲ ಮನುಷ್ಯರಲ್ಲೂ ಇದೆ. ಕೋಲಾರದ ಮಹಿಳೆಯಲ್ಲಿ ಇಲ್ಲ. ಹಾಗಾಗಿ ಉಳಿದವರ ರಕ್ತವೆಲ್ಲ ಆಕೆಯ ದೇಹಕ್ಕೆ ಪರಕೀಯ. ಆಕೆಯ ಪ್ಲಾಸ್ಮಾದಲ್ಲಿ ಆ ಗುರುತಿನ ವಿರುದ್ಧ ಪ್ರತಿಕಾಯ ಇದ್ದುದರಿಂದಲೇ ವಿಷಯ ಬೆಳಕಿಗೆ ಬಂತು. ಪ್ರತಿಕಾಯ ಇರದಿದ್ದರೆ ಆಕೆ ಜೀವನಪೂರ್ತಿ ಸಾಮಾನ್ಯ ಒ ಪಾಸಿಟಿವ್ ಆಗಿಯೇ ಉಳಿಯುತ್ತಿದ್ದರು.

ಎರಡು ಬಗೆಯ ಪ್ರತಿಕಾಯಗಳು

ಎ ಗುಂಪಿನವರಲ್ಲಿ ಬಿ ವಿರುದ್ಧ, ಬಿ ಗುಂಪಿನವರಲ್ಲಿ ಎ ವಿರುದ್ಧ, ಒ ಗುಂಪಿನವರಲ್ಲಿ ಎರಡರ ವಿರುದ್ಧವೂ ಪ್ರತಿಕಾಯಗಳಿರುತ್ತವೆ. ಇವು ಬರಲು ಯಾರ ರಕ್ತವನ್ನೂ ಪಡೆದಿರಬೇಕಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳ ಮೇಲೂ ಎ, ಬಿ ಹೋಲುವ ಸಕ್ಕರೆಗಳಿರುವುದರಿಂದ ಹುಟ್ಟಿದ ಕೆಲವೇ ತಿಂಗಳಲ್ಲಿ ಮಗುವಿನ ದೇಹ ಅವನ್ನು ತಾನಾಗಿ ತಯಾರಿಸಿಕೊಳ್ಳುತ್ತದೆ. 1900ರ ಸುಮಾರಿಗೆ ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಸಹೋದ್ಯೋಗಿಗಳ ರಕ್ತವನ್ನು ಬೆರೆಸಿ ನೋಡಿದಾಗ ಗಂಟುಕಟ್ಟಿದ್ದು ಈ ಪ್ರತಿಕಾಯಗಳಿಂದ. ಇವುಗಳಲ್ಲಿ ಬಹುಪಾಲು ಐಜಿಎಂ ಜಾತಿಯವು. ಐದು ಘಟಕಗಳು ಕೂಡಿಕೊಂಡ ದೊಡ್ಡ ಅಣುವಾದ್ದರಿಂದ ಒಂದೇ ಪ್ರತಿಕಾಯ ಹಲವು ರಕ್ತಕಣಗಳನ್ನು ಒಟ್ಟಿಗೆ ಹಿಡಿಯಬಲ್ಲದು. ಕೋಣೆಯ ಉಷ್ಣತೆಯಲ್ಲಿ, ಗಾಜಿನ ಪಟ್ಟಿಯ ಮೇಲೇ ಫಲಿತಾಂಶ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಬಗೆಯದು ಐಜಿಜಿ. ಬೇರೆಯವರ ರಕ್ತ ಪಡೆದಾಗಲೋ, ಗರ್ಭದಲ್ಲಿರುವ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದಾಗಲೋ ಹುಟ್ಟುವ ಪ್ರತಿಕಾಯಗಳು ಹೆಚ್ಚಾಗಿ ಇವೇ. ಆರ್‌ಎಚ್ ಡಿ, ಕೆಲ್, ಡಫಿ, ಕಿಡ್ ಮೊದಲಾದ ಪ್ರತಿಜನಕಗಳ ವಿರುದ್ಧದವು ಈ ಸಾಲಿನವು. ಐಜಿಜಿ ಚಿಕ್ಕದು. ರಕ್ತಕಣಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಆ ಅಂತರವನ್ನು ದಾಟಿ ಎರಡು ಕಣಗಳನ್ನು ಹಿಡಿಯುವಷ್ಟು ಉದ್ದ ಐಜಿಜಿಗೆ ಸಾಮಾನ್ಯವಾಗಿ ಇಲ್ಲ. ಅದು ಕಣಕ್ಕೆ ಅಂಟಿಕೊಂಡಿರುತ್ತದೆ, ಆದರೆ ಗಂಟು ಕಾಣುವುದಿಲ್ಲ. ಕಾಣದೆಯೇ ಅಪಾಯ ಮಾಡುವ ಪ್ರತಿಕಾಯ ಇದು. ಮಾಸುಚೀಲ ದಾಟಿ ಮಗುವನ್ನು ತಲುಪುವುದೂ ಇದೇ.

1945ರ ಉಪಾಯ

1940ರ ದಶಕದ ವೈದ್ಯರನ್ನು ಕಾಡಿದ್ದು ಈ ಕಾಣದ ಪ್ರತಿಕಾಯ. ಆರ್‌ಎಚ್ ನೆಗೆಟಿವ್ ತಾಯಂದಿರ ಮಕ್ಕಳು ಕಾಮಾಲೆ, ರಕ್ತಹೀನತೆಯಿಂದ ಸಾಯುತ್ತಿದ್ದರು. ತಾಯಿಯ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ದ್ರವ) ಮತ್ತು ಆರ್‌ಎಚ್ ಪಾಸಿಟಿವ್ ರಕ್ತಕಣಗಳನ್ನು ಬೆರೆಸಿ ನೋಡಿದರೆ ಎಷ್ಟೋ ಸಲ ಏನೂ ಆಗುತ್ತಿರಲಿಲ್ಲ. 1945ರಲ್ಲಿ ಕೇಂಬ್ರಿಡ್ಜ್‌ನ ರಾಬಿನ್ ಕೂಂಬ್ಸ್, ಆರ್ಥರ್ ಮೌರಂಟ್ ಮತ್ತು ರಾಬರ್ಟ್ ರೇಸ್ ಇದಕ್ಕೊಂದು ದಾರಿ ಪ್ರಕಟಿಸಿದರು. ಮನುಷ್ಯನ ಪ್ರತಿಕಾಯವೂ ಒಂದು ಪ್ರೋಟೀನು. ಅದನ್ನು ಮೊಲಕ್ಕೆ ಚುಚ್ಚಿದರೆ ಮೊಲದ ದೇಹ ಅದರ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯವಿರುವ ದ್ರವವನ್ನು, ಅಂದರೆ ಕೂಂಬ್ಸ್ ದ್ರವವನ್ನು, ಐಜಿಜಿ ಅಂಟಿದ ರಕ್ತಕಣಗಳಿಗೆ ಸೇರಿಸಿದರೆ, ಮೊಲದ ಪ್ರತಿಕಾಯ ನಡುವೆ ಕೊಂಡಿಯಾಗಿ ನಿಂತು ಗಂಟು ಕಟ್ಟಿಸುತ್ತದೆ. ಇಂದು ಲ್ಯಾಬ್ ವರದಿಗಳಲ್ಲಿ ಐಸಿಟಿ ಎಂದು ಕಾಣುವ ಇಂಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಇದೇ.

ಟ್ಯೂಬಿನಲ್ಲಿ ಇದನ್ನು ಮಾಡುವ ಕ್ರಮ ಗಮನಿಸಿದರೆ ತಪ್ಪು ಎಲ್ಲಿ ನುಸುಳಬಹುದು ಎಂಬುದು ತಿಳಿಯುತ್ತದೆ. ರೋಗಿಯ ಸೀರಂ ಎರಡು ಹನಿ, ಗೊತ್ತಿರುವ ರಕ್ತಕಣಗಳ ತೆಳು ಮಿಶ್ರಣ ಒಂದು ಹನಿ. ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ಇಟ್ಟು, ಪ್ರತಿಕಾಯ ಅಂಟಲು ಸಮಯ ಕೊಡಬೇಕು. ಆಮೇಲೆ ಉಪ್ಪುನೀರು ತುಂಬಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಮತ್ತೆ ತುಂಬಿ, ಹೀಗೆ ಮೂರು ನಾಲ್ಕು ಬಾರಿ ತೊಳೆಯಬೇಕು. ಅಂಟದೆ ಉಳಿದ ಪ್ರತಿಕಾಯ ಸ್ವಲ್ಪವೇ ಉಳಿದುಕೊಂಡರೂ ಮುಂದೆ ಹಾಕುವ ಕೂಂಬ್ಸ್ ದ್ರವ ಅದರ ಮೇಲೆಯೇ ಖರ್ಚಾಗಿ, ರಕ್ತಕಣಗಳಿಗೆ ಏನೂ ಸಿಗದೆ, ಪರೀಕ್ಷೆ ‘ನೆಗೆಟಿವ್’ ಎಂದು ಸುಳ್ಳು ಹೇಳುತ್ತದೆ. ಅದಕ್ಕಾಗಿಯೇ ನೆಗೆಟಿವ್ ಬಂದ ಪ್ರತಿ ಟ್ಯೂಬಿಗೂ ಕೊನೆಯಲ್ಲಿ ಐಜಿಜಿ ಮೊದಲೇ ಅಂಟಿಸಿದ ರಕ್ತಕಣಗಳನ್ನು ಹಾಕಿ ನೋಡುವ ನಿಯಮವಿದೆ. ಅವು ಗಂಟು ಕಟ್ಟಿದರೆ ಮಾತ್ರ ಆ ನೆಗೆಟಿವ್ ನಿಜವಾದ ನೆಗೆಟಿವ್. ಕೆಲಸದ ಒತ್ತಡದಲ್ಲಿ ಈ ಹೆಜ್ಜೆಯನ್ನು ಬಿಟ್ಟವರಿಗೆ ತಾವು ಏನನ್ನು ಬಿಟ್ಟಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ.

ಓದುವುದೂ ಕೈಚಳಕದ ಕೆಲಸವೇ. ಟ್ಯೂಬನ್ನು ಮೆಲ್ಲಗೆ ಓರೆ ಮಾಡಿದಾಗ ತಳದ ಕೆಂಪು ಗುಂಡಿ ಒಡೆಯದೆ ಒಂದೇ ಮುದ್ದೆಯಾಗಿ ಜಾರಿದರೆ ನಾಲ್ಕು ಪ್ಲಸ್. ಸಣ್ಣ ಸಣ್ಣ ಹರಳುಗಳಾಗಿ ಚೆದುರಿದರೆ ಒಂದು ಪ್ಲಸ್. ಜೋರಾಗಿ ಅಲುಗಾಡಿಸಿದರೆ ದುರ್ಬಲ ಗಂಟು ಒಡೆದೇ ಹೋಗುತ್ತದೆ.

ಟ್ಯೂಬೋ ಜೆಲ್ಲೋ

1980ರ ದಶಕದಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಇವ್ ಲಾಪಿಯೆರ್ ಈ ಕೈಚಳಕದ ಅವಲಂಬನೆಯನ್ನು ಕಡಿಮೆ ಮಾಡುವ ಜೆಲ್ ವಿಧಾನ ರೂಪಿಸಿದರು. ಅಂಗೈಯಗಲದ ಪ್ಲಾಸ್ಟಿಕ್ ಕಾರ್ಡಿನಲ್ಲಿ ಆರು ಪುಟ್ಟ ಕೊಳವೆಗಳು, ಅವುಗಳಲ್ಲಿ ಕೂಂಬ್ಸ್ ದ್ರವ ಬೆರೆತ ಜೆಲ್. ಮೇಲೆ ರಕ್ತಕಣ ಮತ್ತು ಪ್ಲಾಸ್ಮಾ ಹಾಕಿ, ಬೆಚ್ಚಗಿಟ್ಟು, ತಿರುಗಿಸುತ್ತಾರೆ. ಒಂಟಿ ಕಣಗಳು ಜೆಲ್ ದಾಟಿ ತಳ ಸೇರುತ್ತವೆ. ಗಂಟುಕಟ್ಟಿದವು ಮೇಲೆಯೇ ಸಿಕ್ಕಿಕೊಳ್ಳುತ್ತವೆ. ಪ್ಲಾಸ್ಮಾ ಮೇಲೆಯೇ ಉಳಿಯುವುದರಿಂದ ತೊಳೆಯುವ ಗೋಜಿಲ್ಲ. ಕಾರ್ಡನ್ನು ಗಂಟೆಗಳ ನಂತರವೂ ಮತ್ತೊಬ್ಬರು ನೋಡಬಹುದು, ಫೋಟೊ ತೆಗೆದಿಡಬಹುದು, ಯಂತ್ರವೇ ಓದಬಹುದು.

ಹಾಗಾದರೆ ಟ್ಯೂಬ್ ಏಕೆ ಇನ್ನೂ ಉಳಿದಿದೆ? ಕಾರ್ಡಿನ ಬೆಲೆ ಒಂದು ಕಾರಣ. ಇನ್ನೊಂದು ಕಾರಣ ತಾಂತ್ರಿಕವಾದದ್ದು. ಜೆಲ್‌ನ ಸೂಕ್ಷ್ಮತೆ ಹೆಚ್ಚು, ರೋಗಿಗೆ ಯಾವ ತೊಂದರೆಯನ್ನೂ ಮಾಡದ ಪ್ರತಿಕಾಯಗಳನ್ನೂ ಅದು ಎತ್ತಿ ತೋರಿಸುವುದುಂಟು ಎಂಬುದು ಟ್ಯೂಬ್ ಪರವಾದಿಗಳ ವಾದ. ಕೈತಪ್ಪಿ ಹೋಗುವ ಒಂದು ಅಪಾಯಕಾರಿ ಪ್ರತಿಕಾಯಕ್ಕಿಂತ ಹತ್ತು ಹುಸಿ ಎಚ್ಚರಿಕೆಗಳೇ ವಾಸಿ ಎಂಬುದು ಜೆಲ್ ಪರವಾದಿಗಳ ಉತ್ತರ. ಪ್ರತಿಕಾಯ ಇದೆಯೇ ಎಂದು ಹುಡುಕುವ ಹಂತದಲ್ಲಿ ಎರಡನೆಯ ವಾದವೇ ತೂಕದ್ದು ಎಂದು ನನಗೆ ತೋರುತ್ತದೆ. ಆದರೆ ಎಷ್ಟಿದೆ ಎಂದು ಅಳೆಯುವ ಹಂತಕ್ಕೆ ಬಂದಾಗ ಈ ಹೆಚ್ಚಿನ ಸೂಕ್ಷ್ಮತೆಯೇ ಹೊಸ ತಲೆನೋವಾಗುತ್ತದೆ.

ಹಾಳೆಯ ತುಂಬ ಪ್ಲಸ್

ಪ್ರತಿಕಾಯ ಇದೆ ಎಂದು ತಿಳಿದ ಮೇಲೆ ಅದು ಯಾವುದರ ವಿರುದ್ಧ ಎಂದು ಗುರುತಿಸಬೇಕು. ಇದಕ್ಕೆ ಪ್ಯಾನೆಲ್ ಎಂಬ ಸಾಧನವಿದೆ. ಹನ್ನೊಂದು ದಾನಿಗಳ ರಕ್ತಕಣಗಳ ಪುಟ್ಟ ಶೀಶೆಗಳು, ಜೊತೆಗೊಂದು ಮುದ್ರಿತ ಹಾಳೆ. ಯಾವ ದಾನಿಯಲ್ಲಿ ಯಾವ ಪ್ರತಿಜನಕ ಇದೆ, ಯಾವುದು ಇಲ್ಲ ಎಂಬ ವಿವರ ಆ ಹಾಳೆಯ ಚೌಕಗಳಲ್ಲಿರುತ್ತದೆ. ರೋಗಿಯ ಪ್ಲಾಸ್ಮಾ ಒಂದು, ನಾಲ್ಕು ಮತ್ತು ಏಳನೇ ಶೀಶೆಗಳೊಂದಿಗೆ ಮಾತ್ರ ಗಂಟು ಕಟ್ಟಿತು ಎನ್ನೋಣ. ಆ ಮೂರರಲ್ಲಿ ಇದ್ದು ಉಳಿದ ಎಂಟರಲ್ಲಿ ಇಲ್ಲದ ಪ್ರತಿಜನಕ ಯಾವುದು ಎಂದು ಹಾಳೆ ನೋಡಿದರೆ ಉತ್ತರ ಸಿಗುತ್ತದೆ.

ಕೋಲಾರದ ಮಹಿಳೆಯ ಮಾದರಿ ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದ ಉನ್ನತ ಪ್ರಯೋಗಾಲಯಕ್ಕೆ ಬಂದಾಗ ಈ ದಾರಿ ಮುಚ್ಚಿತ್ತು. ಪರೀಕ್ಷಿಸಿದ ಎಲ್ಲ ರಕ್ತಕಣಗಳೊಂದಿಗೂ ಪ್ರತಿಕ್ರಿಯೆ ಕಂಡಿತು. ಇಂಥ ಸಂದರ್ಭದಲ್ಲಿ ಮೊದಲು ನೋಡಬೇಕಾದ್ದು ರೋಗಿಯ ಪ್ಲಾಸ್ಮಾ ಆಕೆಯದೇ ರಕ್ತಕಣಗಳೊಂದಿಗೆ ಹೇಗೆ ವರ್ತಿಸುತ್ತದೆ ಎಂಬುದನ್ನು. ಅಲ್ಲೂ ಗಂಟು ಬಂದರೆ ದೇಹ ತನ್ನ ಮೇಲೇ ತಿರುಗಿಬಿದ್ದಿದೆ ಎಂಬ ಅನುಮಾನ. ತನ್ನದರೊಂದಿಗೆ ಇಲ್ಲ, ಪರರದರೊಂದಿಗೆಲ್ಲ ಇದೆ ಎಂದಾದರೆ, ಎಲ್ಲರಲ್ಲೂ ಇದ್ದು ರೋಗಿಯಲ್ಲಿ ಮಾತ್ರ ಇಲ್ಲದ ಯಾವುದೋ ಗುರುತಿನ ವಿರುದ್ಧ ಪ್ರತಿಕಾಯ ಇದೆ ಎಂದರ್ಥ.

ಅಲ್ಲಿಂದ ಮುಂದಿನದು ಪತ್ತೇದಾರಿ ಕೆಲಸ. ರಕ್ತಕಣಗಳನ್ನು ಬೇರೆ ಬೇರೆ ಕಿಣ್ವಗಳಿಂದ ಸವೆಸಿ ನೋಡುತ್ತಾರೆ. ಪಪಾಯಿಯಿಂದ ತೆಗೆದ ಪಪೈನ್ ಕೆಲವು ಪ್ರತಿಜನಕಗಳನ್ನು ಕತ್ತರಿಸಿಹಾಕುತ್ತದೆ, ಕ್ರೋಮರ್ ಗುರುತುಗಳನ್ನು ಮುಟ್ಟುವುದಿಲ್ಲ. ಕೈಮೋಟ್ರಿಪ್ಸಿನ್ ಎಂಬ ಕಿಣ್ವ ಕ್ರೋಮರ್ ಗುರುತುಗಳನ್ನು ನಾಶ ಮಾಡುತ್ತದೆ. ಯಾವ ಕಿಣ್ವ ಹಾಕಿದಾಗ ಪ್ರತಿಕ್ರಿಯೆ ನಿಂತುಹೋಯಿತು ಎಂಬುದೇ ಶಂಕಿತ ವ್ಯವಸ್ಥೆಯ ಸುಳಿವು. ಅಪರೂಪದ ಶೀತಲೀಕೃತ ರಕ್ತಕಣಗಳು, ಜೀನ್ ಅನುಕ್ರಮ ಪರೀಕ್ಷೆ ನಂತರದ ಹಂತಗಳು. ಇದಕ್ಕೆಲ್ಲ ಬೇಕಾದ ಸಂಗ್ರಹ ಜಗತ್ತಿನ ಕೆಲವೇ ಪ್ರಯೋಗಾಲಯಗಳಲ್ಲಿದೆ. ಬ್ರಿಟನ್ನಿನ ಬ್ರಿಸ್ಟಲ್‌ನ ಅಂತರರಾಷ್ಟ್ರೀಯ ರಕ್ತಗುಂಪು ಉಲ್ಲೇಖ ಪ್ರಯೋಗಾಲಯ ಅವುಗಳಲ್ಲೊಂದು. ಮಾದರಿಗಳು ಅಲ್ಲಿಗೆ ಹೋಗಿ, ಸುಮಾರು ಹತ್ತು ತಿಂಗಳ ಸಂಶೋಧನೆಯ ನಂತರ ಹೊಸ ಪ್ರತಿಜನಕ ದೃಢಪಟ್ಟಿತು. ಕುಟುಂಬದ ಇಪ್ಪತ್ತು ಮಂದಿಯ ರಕ್ತ ಪರೀಕ್ಷಿಸಿದರೂ ಹೊಂದುವ ದಾನಿ ಸಿಗಲಿಲ್ಲ. ಶಸ್ತ್ರಚಿಕಿತ್ಸೆ ಹೊರಗಿನ ರಕ್ತದ ಒಂದು ಹನಿಯೂ ಇಲ್ಲದೆ ಮುಗಿಯಿತು.

ಟೈಟರ್ ಎಂಬ ಅಂಕಿ

ಅಪರೂಪದ ಪ್ರಕರಣ ಬದಿಗಿರಲಿ. ಸಾಮಾನ್ಯ ಓದುಗರ ಕೈಗೆ ಬರುವ ವರದಿಯಲ್ಲಿ ‘ಆಂಟಿ-ಡಿ ಟೈಟರ್ 1:32’ ಎಂದೋ ‘ಆಂಟಿ-ಎ 1:128’ ಎಂದೋ ಇರುತ್ತದೆ (ಆಂಟಿ-ಡಿ ಎಂದರೆ ಡಿ ಗುರುತಿನ ವಿರುದ್ಧದ ಪ್ರತಿಕಾಯ). ಸಕ್ಕರೆ, ಕೊಲೆಸ್ಟರಾಲ್ ಅಂಕಿಗಳಂತೆ ಇದನ್ನೂ ಓದುವುದರಿಂದ ಬೇಕಾದಷ್ಟು ಆತಂಕ ಹುಟ್ಟಿಕೊಳ್ಳುತ್ತದೆ.

ಟೈಟರ್ ಪ್ರತಿಕಾಯದ ತೂಕವಲ್ಲ. ಪಾನಕಕ್ಕೆ ನೀರು ಬೆರೆಸುತ್ತಾ ಹೋಗಿ, ಎಷ್ಟು ಪಟ್ಟು ತೆಳುವಾದ ಮೇಲೂ ನಾಲಿಗೆಗೆ ಸಿಹಿ ಗೊತ್ತಾಗುತ್ತದೆ ಎಂದು ಹೇಳಿದ ಹಾಗೆ. ಸೀರಂ ಅನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು, ಹದಿನಾರು ಎಂದು ಪ್ರತಿ ಟ್ಯೂಬಿನಲ್ಲೂ ಇಮ್ಮಡಿ ತೆಳು ಮಾಡುತ್ತಾ ಹೋಗುತ್ತಾರೆ. ಒಂದು ಪ್ಲಸ್ ಗಂಟು ಕಾಣುವ ಕೊನೆಯ ಟ್ಯೂಬ್ ಯಾವುದೋ ಅದೇ ಟೈಟರ್. ಮೆಟ್ಟಿಲುಗಳೇ ಇಮ್ಮಡಿಯಾದ್ದರಿಂದ 32 ಮತ್ತು 64ರ ನಡುವೆ ಬೇರೆ ಅಂಕಿಯೇ ಇಲ್ಲ. ಒಂದೇ ಮಾದರಿಯನ್ನು ಒಬ್ಬರೇ ಎರಡು ಬಾರಿ ಮಾಡಿದರೂ ಒಂದು ಮೆಟ್ಟಿಲು ಆಚೀಚೆ ಆಗಬಹುದು ಎಂದು ಈ ಕ್ಷೇತ್ರದವರೆಲ್ಲ ಒಪ್ಪುತ್ತಾರೆ. ಆದ್ದರಿಂದ ಹೋದ ತಿಂಗಳು 32 ಇದ್ದದ್ದು ಈ ತಿಂಗಳು 64 ಆದರೆ ‘ಎರಡರಷ್ಟಾಯಿತು’ ಎಂದು ಗಾಬರಿಯಾಗಬೇಕಿಲ್ಲ. ಎರಡು ಮೆಟ್ಟಿಲು, ಅಂದರೆ ನಾಲ್ಕು ಪಟ್ಟು ಏರಿದರೆ ಮಾತ್ರ ನಿಜವಾದ ಏರಿಕೆ ಎಂದು ಪರಿಗಣಿಸುತ್ತಾರೆ.

ವ್ಯತ್ಯಾಸ ಎಲ್ಲೆಲ್ಲಿಂದ ಬರುತ್ತದೆ? ಒಂದೇ ಪಿಪೆಟ್ ತುದಿಯಿಂದ ಸಾಲುಸಾಲಾಗಿ ಟ್ಯೂಬ್ ತುಂಬಿದರೆ ಮೊದಲ ಟ್ಯೂಬಿನ ಗಟ್ಟಿ ಸೀರಂ ತುದಿಗೆ ಅಂಟಿಕೊಂಡು ಕೊನೆಯವರೆಗೂ ಹೋಗಿ, ಟೈಟರ್ ಇಲ್ಲದ ಎತ್ತರಕ್ಕೆ ಏರುತ್ತದೆ. ಪ್ರತಿ ಮೆಟ್ಟಿಲಿಗೂ ತುದಿ ಬದಲಿಸಬೇಕು. ಯಾವ ರಕ್ತಕಣ ಬಳಸಿದರು ಎಂಬುದೂ ಮುಖ್ಯ. ಎ ಗುಂಪಿನಲ್ಲೇ ಎ1, ಎ2 ಎಂಬ ಉಪಗುಂಪುಗಳಿವೆ. ಎ1 ಕಣದ ಮೇಲೆ ಎ ಗುರುತುಗಳು ಬಹಳ ಹೆಚ್ಚು, ಹಾಗಾಗಿ ಅದೇ ಸೀರಂ ಎ1 ಕಣಗಳೊಂದಿಗೆ ಹೆಚ್ಚಿನ ಟೈಟರ್ ತೋರಿಸುತ್ತದೆ. ಜೆಲ್‌ನಲ್ಲಿ ಮಾಡಿದ ಟೈಟರ್ ಟ್ಯೂಬಿನದಕ್ಕಿಂತ ಸಾಮಾನ್ಯವಾಗಿ ಒಂದೆರಡು ಮೆಟ್ಟಿಲು ಮೇಲಿರುತ್ತದೆ. ಐಜಿಎಂ ಮತ್ತು ಐಜಿಜಿ ಎರಡೂ ಬೆರೆತಿರುವಲ್ಲಿ, ಡಿಟಿಟಿ ಎಂಬ ರಾಸಾಯನಿಕದಿಂದ ಐಜಿಎಂ ಅನ್ನು ಮೊದಲು ಒಡೆದು ಐಜಿಜಿಯನ್ನು ಮಾತ್ರ ಅಳೆದರೋ, ಒಟ್ಟಾಗಿ ಅಳೆದರೋ ಎಂಬುದರ ಮೇಲೂ ಅಂಕಿ ಬದಲಾಗುತ್ತದೆ. ಒಂದೇ ಸೀರಂ ಅನ್ನು ಹಲವು ಪ್ರಯೋಗಾಲಯಗಳಿಗೆ ಕೊಟ್ಟು ನೋಡಿದ ವಿದೇಶಿ ಅಧ್ಯಯನಗಳಲ್ಲಿ ಹಲವು ಮೆಟ್ಟಿಲುಗಳ ಅಂತರ ಕಂಡಿದೆ.

ಇಷ್ಟೆಲ್ಲ ಇದ್ದೂ ನಮ್ಮ ಎಷ್ಟೋ ವರದಿಗಳಲ್ಲಿ ವಿಧಾನದ ಹೆಸರೇ ಇರುವುದಿಲ್ಲ. ಅಂಕಿ ಮಾತ್ರ ಇರುತ್ತದೆ. ವಿಧಾನ ಬರೆಯದ ಟೈಟರ್ ಅರ್ಧ ವರದಿ ಎನ್ನಬೇಕಾಗುತ್ತದೆ.

ಬಸುರಿಯ ವರದಿ

ಭಾರತೀಯರಲ್ಲಿ ಆರ್‌ಎಚ್ ನೆಗೆಟಿವ್ ಇರುವವರು ನೂರಕ್ಕೆ ಐದಾರು ಮಂದಿ. ಇಂಥ ಗರ್ಭಿಣಿಗೆ ಐಸಿಟಿ ಮಾಡುವುದು ವಾಡಿಕೆ. ನೆಗೆಟಿವ್ ಇದ್ದರೆ 28ನೇ ವಾರದ ಹೊತ್ತಿಗೆ ಆಂಟಿ-ಡಿ ಚುಚ್ಚುಮದ್ದು, ಹೆರಿಗೆಯ ನಂತರ ಮಗು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಇನ್ನೊಂದು. ಈ ಚುಚ್ಚುಮದ್ದು ಸ್ವತಃ ಆಂಟಿ-ಡಿ ಪ್ರತಿಕಾಯವೇ. ಚುಚ್ಚಿಸಿಕೊಂಡು ಕೆಲವು ವಾರಗಳ ನಂತರ ಬೇರೊಂದು ಲ್ಯಾಬಿನಲ್ಲಿ ಐಸಿಟಿ ಮಾಡಿಸಿದರೆ ಪಾಸಿಟಿವ್ ಬರುತ್ತದೆ, ಮನೆಯಲ್ಲಿ ಕಳವಳ ಶುರುವಾಗುತ್ತದೆ. ಅಲ್ಲಿ ಕಾಣುತ್ತಿರುವುದು ಔಷಧದ ನೆರಳು. ಅದರ ಟೈಟರ್ ತೀರಾ ಕಡಿಮೆ, ವಾರಗಳು ಕಳೆದಂತೆ ಇಳಿಯುತ್ತದೆ. ದೇಹವೇ ತಯಾರಿಸಿದ ಪ್ರತಿಕಾಯವಾದರೆ ಉಳಿಯುತ್ತದೆ ಅಥವಾ ಏರುತ್ತದೆ. ಚುಚ್ಚುಮದ್ದಿನ ದಿನಾಂಕ ಲ್ಯಾಬಿಗೆ ತಿಳಿಸದೆ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ.

ನಿಜವಾದ ಆಂಟಿ-ಡಿ ಇದ್ದಲ್ಲಿ ಟೈಟರ್ 16 ಅಥವಾ 32 ತಲುಪಿದಾಗ ಮಗುವಿನ ಮೇಲೆ ಹೆಚ್ಚಿನ ನಿಗಾ ಬೇಕು ಎಂಬುದು ರೂಢಿಯ ಗಡಿ. ಇದು ಟ್ಯೂಬ್ ವಿಧಾನದ ಗಡಿ. ಜೆಲ್‌ನಲ್ಲಿ ಬಂದ 32ಕ್ಕೆ ಇದೇ ಗಡಿಯನ್ನು ಕಣ್ಣುಮುಚ್ಚಿ ಹಚ್ಚಿದರೆ ಅನಗತ್ಯ ಓಡಾಟ ಖಚಿತ. ಬ್ರಿಟನ್ನಿನಲ್ಲಿ ಆಂಟಿ-ಡಿಗೆ ಟೈಟರ್ ಬಿಟ್ಟು, ಯಂತ್ರದಲ್ಲಿ ಅಂತರರಾಷ್ಟ್ರೀಯ ಮಾನಕದೊಂದಿಗೆ ಹೋಲಿಸಿ ಪ್ರತಿ ಮಿಲಿಲೀಟರಿಗೆ ಎಷ್ಟು ಯೂನಿಟ್ ಎಂದು ಹೇಳುತ್ತಾರೆ. 4ಕ್ಕಿಂತ ಕಡಿಮೆ ಇದ್ದರೆ ಅಪಾಯ ಅಪರೂಪ, 15 ದಾಟಿದರೆ ಗಂಭೀರ. ಲಂಡನ್ನಿನಲ್ಲಿ ಬಸುರಾಗಿ ಹೆರಿಗೆಗೆ ಹುಬ್ಬಳ್ಳಿಯ ತವರಿಗೆ ಬರುವ ಹೆಣ್ಣುಮಗಳ ಕೈಯಲ್ಲಿ ‘6’ ಎಂಬ ವರದಿ ಇದ್ದು, ಇಲ್ಲಿ ‘64’ ಎಂದು ಬಂದರೆ ಹತ್ತು ಪಟ್ಟು ಏರಿತು ಎಂದುಕೊಳ್ಳುವುದು ಸಹಜ. ಆದರೆ ಅವೆರಡು ಬೇರೆ ಬೇರೆ ಅಳತೆಗಳು. ಒಂದನ್ನು ಇನ್ನೊಂದಾಗಿ ಬದಲಿಸುವ ನೆಚ್ಚಬಹುದಾದ ಸೂತ್ರವಿಲ್ಲ.

ಆಂಟಿ-ಕೆಲ್ ಪ್ರತಿಕಾಯದ ವಿಷಯದಲ್ಲಂತೂ ಟೈಟರ್ ಇನ್ನೂ ದುರ್ಬಲ ಸಾಕ್ಷಿ. ಅದು ಮಗುವಿನ ರಕ್ತಕಣಗಳನ್ನು ಒಡೆಯುವುದರ ಜೊತೆಗೆ ಅವು ಹುಟ್ಟುವುದನ್ನೇ ತಡೆಯುತ್ತದೆ. ಹಾಗಾಗಿ ಕಡಿಮೆ ಟೈಟರ್‌ನಲ್ಲೂ ಮಗು ತೀವ್ರ ರಕ್ತಹೀನತೆಗೆ ಒಳಗಾಗಬಹುದು. ಈಗ ಗಡಿ ದಾಟಿದ ಮೇಲೆ ಟೈಟರ್ ಬೆನ್ನು ಹತ್ತುವುದನ್ನು ಬಿಟ್ಟು, ಡಾಪ್ಲರ್ ಸ್ಕ್ಯಾನ್‌ನಲ್ಲಿ ಮಗುವಿನ ಮೆದುಳಿನ ರಕ್ತನಾಳದಲ್ಲಿ ರಕ್ತ ಹರಿಯುವ ವೇಗ ನೋಡುತ್ತಾರೆ. ರಕ್ತ ತೆಳುವಾದಷ್ಟೂ ಹರಿವಿನ ವೇಗ ಹೆಚ್ಚು.

ಕಿಡ್ನಿ ಕಸಿಯ ಲೆಕ್ಕ

ಗುಂಪು ಹೊಂದದ ಕಿಡ್ನಿ ಕಸಿ ಈಗ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಹೆಂಡತಿ ಎ, ಗಂಡ ಒ ಆಗಿದ್ದರೂ ಆಕೆ ಕಿಡ್ನಿ ಕೊಡಬಹುದು. ಅದಕ್ಕೆ ಮೊದಲು ಗಂಡನ ಆಂಟಿ-ಎ ಪ್ರತಿಕಾಯವನ್ನು ಔಷಧ ಮತ್ತು ಪ್ಲಾಸ್ಮಾ ಶುದ್ಧೀಕರಣದಿಂದ ಇಳಿಸಬೇಕು. ಕಸಿಯ ದಿನ ಟೈಟರ್ 8 ಅಥವಾ 16ಕ್ಕಿಂತ ಮೇಲಿರಬಾರದು ಎಂಬುದು ಬಹುತೇಕ ಕೇಂದ್ರಗಳು ಪಾಲಿಸುವ ಮಿತಿ. ಇಲ್ಲಿ ಪ್ರತಿ ಮೆಟ್ಟಿಲೂ ದುಡ್ಡಿನ ಪ್ರಶ್ನೆ. ಜೆಲ್ ಬಳಸುವ ಲ್ಯಾಬು 32 ಎಂದರೆ ಇನ್ನೊಂದು ಸುತ್ತು ಶುದ್ಧೀಕರಣ, ಇನ್ನಷ್ಟು ಖರ್ಚು, ಸೋಂಕಿನ ಭಯ. ಅದೇ ರಕ್ತಕ್ಕೆ ಟ್ಯೂಬ್ ಬಳಸುವ ಲ್ಯಾಬು 8 ಎಂದರೆ ನಾಳೆಯೇ ಕಸಿ. ಮಿತಿ ನಿಗದಿ ಮಾಡಿದ ವಿಧಾನ ಒಂದು, ಅಳೆದ ವಿಧಾನ ಇನ್ನೊಂದು ಎಂದಾದರೆ ನಿರ್ಧಾರ ತಪ್ಪುವುದು ಎರಡು ದಿಕ್ಕಿನಲ್ಲೂ ಸಾಧ್ಯ.

ಫ್ಲೋ ಸೈಟೊಮೆಟ್ರಿ ಇದಕ್ಕೆ ಉತ್ತರ ಎನ್ನುವವರಿದ್ದಾರೆ. ಕಣಕ್ಕೆ ಅಂಟಿದ ಪ್ರತಿಕಾಯವನ್ನು ಬೆಳಕು ಸೂಸುವ ಬಣ್ಣದಿಂದ ಗುರುತಿಸಿ ಯಂತ್ರ ಅಳೆಯುತ್ತದೆ. ಕಣ್ಣಳತೆಯ ತಕರಾರು ಇಲ್ಲ. ಆದರೆ ವೈದ್ಯರ ಎಲ್ಲ ಹಳೆಯ ಅನುಭವ, ಎಲ್ಲ ಮಿತಿಗಳು ಟೈಟರ್ ಭಾಷೆಯಲ್ಲಿವೆ. ಯಂತ್ರದ ದುಬಾರಿ ಬೆಲೆಯ ಜೊತೆಗೆ ಈ ರೂಢಿಯೂ ಅಡ್ಡ ನಿಂತಿದೆ. ಸದ್ಯಕ್ಕೆ ಅಗ್ಗದ ಪರಿಹಾರವೆಂದರೆ ಒಬ್ಬ ರೋಗಿಗೆ ಒಂದೇ ಲ್ಯಾಬು, ಒಂದೇ ವಿಧಾನ, ಮತ್ತು ಹಿಂದಿನ ಮಾದರಿಯನ್ನು ಶೀತಲೀಕರಿಸಿಟ್ಟು ಹೊಸ ಮಾದರಿಯ ಜೊತೆ ಅಕ್ಕಪಕ್ಕ ಪರೀಕ್ಷಿಸುವುದು.

ಎಲ್ಲರಿಗೂ ಪ್ರತಿಕಾಯ ಶೋಧ ಬೇಕೇ?

ರಕ್ತ ಕೊಡುವ ಮುನ್ನ ಪ್ರತಿ ರೋಗಿಗೂ ಪ್ರತಿಕಾಯ ಶೋಧ ಮಾಡಬೇಕು ಎಂಬುದು ಒಂದು ನಿಲುವು. ನಮ್ಮಲ್ಲಿ ದೊಡ್ಡ ಕೇಂದ್ರಗಳು ಮಾಡುತ್ತವೆ. ಅನೇಕ ಸಣ್ಣ ಕೇಂದ್ರಗಳು ಗುಂಪು ನೋಡಿ ಕ್ರಾಸ್‌ಮ್ಯಾಚ್ ಮಾಡುವುದರಲ್ಲೇ ನಿಲ್ಲುತ್ತವೆ. ದಾನಿಯ ಕಣ, ರೋಗಿಯ ಪ್ಲಾಸ್ಮಾ ಬೆರೆಸಿ ನೋಡಿದ ಮೇಲೆ ಇನ್ನೇನು ಬೇಕು ಎಂಬುದು ಅವರ ಪ್ರಶ್ನೆ. ರೋಗಿಗಳಲ್ಲಿ ನೂರಕ್ಕೆ ಒಂದೆರಡು ಮಂದಿಯಲ್ಲಿ ಸಿಗಬಹುದಾದ ಪ್ರತಿಕಾಯಕ್ಕಾಗಿ ಎಲ್ಲರ ಬಿಲ್ಲನ್ನೂ ಏಕೆ ಏರಿಸಬೇಕು ಎಂಬುದೂ ಅವರ ವಾದದಲ್ಲಿದೆ. ಜಿಲ್ಲಾ ಮಟ್ಟದ ರಕ್ತ ಕೇಂದ್ರದ ಬಜೆಟ್ ನೋಡಿದರೆ ಇದು ಹಗುರವಾಗಿ ತಳ್ಳಿಹಾಕುವ ವಾದವಲ್ಲ.

ಆದರೆ ಕ್ರಾಸ್‌ಮ್ಯಾಚ್ ಯಾವುದು ಎಂದು ಕೇಳಬೇಕು. ಕೂಂಬ್ಸ್ ಹಂತದವರೆಗೆ ಹೋಗುವ ಕ್ರಾಸ್‌ಮ್ಯಾಚ್ ಐಜಿಜಿಯನ್ನು ಹಿಡಿಯುತ್ತದೆ. ಬರೀ ಉಪ್ಪುನೀರಿನಲ್ಲಿ ತಿರುಗಿಸಿ ನೋಡುವ ಕ್ರಾಸ್‌ಮ್ಯಾಚ್ ಎಬಿಒ ತಪ್ಪನ್ನು ಬಿಟ್ಟರೆ ಬೇರೇನನ್ನೂ ಹೆಚ್ಚಾಗಿ ಹಿಡಿಯದು. ಎರಡನೆಯದಾಗಿ, ಕ್ರಾಸ್‌ಮ್ಯಾಚ್ ನಡೆಯುವುದು ರಕ್ತ ಬೇಕಾದ ಗಳಿಗೆಯಲ್ಲಿ. ಅಲ್ಲಿ ಒಂದರ ಹಿಂದೊಂದು ಚೀಲ ಹೊಂದದಿದ್ದರೆ ಹುಡುಕಾಟಕ್ಕೆ ಸಮಯವಿಲ್ಲ. ವಾರಕ್ಕೆ ಮುಂಚೆ ಶೋಧ ಮಾಡಿದ್ದರೆ ಇದೆ. ಥಲಸ್ಸೇಮಿಯಾ ಮಕ್ಕಳು ತಿಂಗಳು ತಿಂಗಳೂ ರಕ್ತ ಪಡೆಯುವುದರಿಂದ ಅವರಲ್ಲಿ ಪ್ರತಿಕಾಯ ಹುಟ್ಟುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಕಿಡ್ ವಿರುದ್ಧದ ಪ್ರತಿಕಾಯದಂಥವು ಕೆಲವು ತಿಂಗಳಲ್ಲಿ ಪರೀಕ್ಷೆಗೆ ಸಿಗದಷ್ಟು ಇಳಿದು, ಮತ್ತೆ ಅಂಥದೇ ರಕ್ತ ಬಂದಾಗ ಏಕಾಏಕಿ ಏರಿ ರಕ್ತಕಣಗಳನ್ನು ಒಡೆಯುತ್ತವೆ. ಆ ಹೊತ್ತಿನ ಕ್ರಾಸ್‌ಮ್ಯಾಚ್ ಇದನ್ನು ಹಿಡಿಯುವುದಿಲ್ಲ. ಹಳೆಯ ದಾಖಲೆ ಮಾತ್ರ ಹಿಡಿಯಬಲ್ಲದು.

ಶೋಧದ ಪರವಾಗಿರುವವರೂ ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಪ್ರತಿಕಾಯ ಇದೆಯೇ ಎಂದು ನೋಡಲು ಬಳಸುವ, ಮಾರುಕಟ್ಟೆಯಲ್ಲಿ ಸಿಗುವ ಶೋಧ ಕಣಗಳು ಬಹುಪಾಲು ಪಾಶ್ಚಾತ್ಯ ದಾನಿಗಳವು. ‘ಇಂಡಿಯನ್’ ಎಂದೇ ಹೆಸರಿರುವ ರಕ್ತಗುಂಪು ವ್ಯವಸ್ಥೆಯ ಐಎನ್‌ಎ ಎಂಬ ಪ್ರತಿಜನಕ ಮುಂಬೈಯಲ್ಲಿ 1970ರ ದಶಕದಲ್ಲಿ ಗುರುತಾದದ್ದು. ಭಾರತೀಯರಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿಯಲ್ಲಿರುವ ಇದು ಯುರೋಪಿನವರಲ್ಲಿ ಬಹಳ ವಿರಳ. ಆ ಕಣಗಳಿಂದ ಶೋಧಿಸಿದರೆ ಇಂಥ ಪ್ರತಿಕಾಯ ಸಿಗುವುದು ಹೇಗೆ? ಸ್ಥಳೀಯ ದಾನಿಗಳ ಕಣಗಳಿಂದಲೇ ಪ್ಯಾನೆಲ್ ತಯಾರಿಸಬೇಕು ಎಂಬ ಬೇಡಿಕೆ ಇದರಿಂದಲೇ ಹುಟ್ಟಿದ್ದು. ಬಾಂಬೆ ರಕ್ತಗುಂಪಿನ ಪಾಠವೂ ಇದೇ ದಿಕ್ಕಿನದು. 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಈ ಗುಂಪಿನವರ ರಕ್ತಕಣ ಪರೀಕ್ಷೆಯಲ್ಲಿ ಒ ಎಂದೇ ಕಾಣುತ್ತದೆ. ಅವರ ಪ್ಲಾಸ್ಮಾವನ್ನು ಒ ಕಣಗಳೊಂದಿಗೆ ಬೆರೆಸಿದಾಗ ಮಾತ್ರ ಗಂಟು ಕಟ್ಟಿ ಗುಟ್ಟು ರಟ್ಟಾಗುತ್ತದೆ. ಈ ಎರಡನೇ ಅರ್ಧವನ್ನು ಬಿಟ್ಟ ಗುಂಪು ಪರೀಕ್ಷೆ ಅವರ ಪ್ರಾಣಕ್ಕೇ ಎರವಾಗಬಲ್ಲದು.

ಮುಂದೇನು

ಕ್ರಿಬ್ ಸುದ್ದಿಯ ನಂತರ ಅಪರೂಪದ ದಾನಿಗಳ ಪಟ್ಟಿಗೆ ಒತ್ತು ಸಿಕ್ಕಿದೆ. ಮುಂಬೈನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ (ಎನ್‌ಐಐಎಚ್) ಮತ್ತು ಬೆಂಗಳೂರಿನ ಕೇಂದ್ರ ಎರಡೂ ಈ ಕೆಲಸದಲ್ಲಿವೆ. ಆದರೆ ದಾನಿಯ ಪಟ್ಟಿ ಉಪಯೋಗಕ್ಕೆ ಬರುವುದು ರೋಗಿಯ ಪ್ರತಿಕಾಯ ಗುರುತಾಗಿದ್ದರೆ ಮಾತ್ರ. ಗುರುತಾದ ಪ್ರತಿಕಾಯದ ವಿವರ ಹೊತ್ತ ಕಾರ್ಡು ರೋಗಿಯ ಕೈಯಲ್ಲಿ ಇರಬೇಕು, ಒಂದು ಆಸ್ಪತ್ರೆಯ ದಾಖಲೆ ಮತ್ತೊಂದಕ್ಕೆ ಕಾಣಬೇಕು. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ.

ವಿಜ್ಞಾನಕ್ಕೆ ಉಳಿದಿರುವ ಪ್ರಶ್ನೆ ಇನ್ನೊಂದು. ಪ್ರತಿಕಾಯ ಇದೆ, ಇಷ್ಟಿದೆ ಎಂದು ಗೊತ್ತಾದರೂ ಅದು ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನು ಟ್ಯೂಬಾಗಲಿ ಜೆಲ್ ಆಗಲಿ ಹೇಳುವುದಿಲ್ಲ. ಕ್ರೋಮರ್ ಪ್ರತಿಕಾಯಗಳೇ ಇದಕ್ಕೆ ಉದಾಹರಣೆ. ತಾಯಿಯಲ್ಲಿ ಅವು ಇದ್ದರೂ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ, ಏಕೆಂದರೆ ಮಾಸುಚೀಲದಲ್ಲೇ ಹೇರಳವಾಗಿರುವ ಸಿಡಿ55 ಪ್ರೋಟೀನು ಅವನ್ನು ಹೀರಿಕೊಳ್ಳುತ್ತದೆ. ರಕ್ತಪೂರಣದಲ್ಲಿ ಅವುಗಳ ವರ್ತನೆ ಪ್ರಕರಣದಿಂದ ಪ್ರಕರಣಕ್ಕೆ ಬೇರೆ. ಇದನ್ನು ಅಂದಾಜಿಸಲು ಪ್ರತಿಕಾಯ ಅಂಟಿದ ರಕ್ತಕಣಗಳನ್ನು ಮಾನೊಸೈಟ್ ಎಂಬ ಬಿಳಿ ಕಣಗಳ ಪದರದ ಮೇಲೆ ಬಿಟ್ಟು, ಎಷ್ಟನ್ನು ಅವು ನುಂಗಿದವು ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸುವ ಪರೀಕ್ಷೆಯೊಂದಿದೆ. ಪ್ರಾಣಕ್ಕೆ ಕುತ್ತು ಬಂದಾಗ, ಹೊಂದದ ರಕ್ತವನ್ನೇ ಕೊಟ್ಟು ನೋಡಬಹುದೇ ಎಂಬ ನಿರ್ಧಾರಕ್ಕೆ ವೈದ್ಯರಿಗೆ ಸಿಗುವ ಆಸರೆ ಅದು. ಜೀವಂತ ಮಾನೊಸೈಟ್‌ಗಳು ಬೇಕು, ಪಳಗಿದ ಕಣ್ಣು ಬೇಕು. ಹೀಗಾಗಿ ಅದು ಜಗತ್ತಿನ ಬೆರಳೆಣಿಕೆಯ ಉಲ್ಲೇಖ ಪ್ರಯೋಗಾಲಯಗಳಿಂದ ಹೊರಗೆ ಹೆಚ್ಚು ಹರಡಿಲ್ಲ.